ಠೇವಣಿಯಿಟ್ಟ ವಾರದ ಲೆಕ್ಕ: ಟೈಮ್‌ಶೇರ್ ಸದಸ್ಯ ಕುಟುಂಬಗಳಿಗೆ ಬಹಿರಂಗ ಪತ್ರ

ಕರ್ನಾಟಕದ ಮತ್ತು ಹೊರನಾಡಿನ ಟೈಮ್‌ಶೇರ್ ಸದಸ್ಯ ಕುಟುಂಬಗಳಿಗೆ,



ರಜಾ ವಿನಿಮಯದ ಬಗ್ಗೆ ಸದಸ್ಯರಿಂದ ಸಾಮಾನ್ಯವಾಗಿ ಕೇಳಿಬರುವ ದೂರುಗಳು ಎರಡು: ಬೇಕಾದ ಊರು ಬೇಕಾದ ದಿನಗಳಿಗೆ ಸಿಗುವುದಿಲ್ಲವೆಂಬುದು ಒಂದು, ಸಿಕ್ಕಾಗಲೂ ಮೊದಲು ಯಾರೂ ಬಾಯಿಬಿಟ್ಟು ಹೇಳದ ಖರ್ಚುಗಳು ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆಂಬುದು ಇನ್ನೊಂದು. ಇವನ್ನು ಬೇರೆಬೇರೆ ದೂರುಗಳೆಂದು ಎಣಿಸುವುದರಿಂದಲೇ ಸದಸ್ಯರ ಲೆಕ್ಕ ತಪ್ಪುತ್ತಿದೆಯೆಂಬುದು ಈ ಪತ್ರದ ವಾದ. ವರ್ಷದ ಶುಲ್ಕ ಕಟ್ಟಿದ ಮೇಲೆ ಸಿಗದೆ ಹೋದ ಪ್ರತಿಯೊಂದು ರಾತ್ರಿಯ ಬೆಲೆಯೂ ಸಿಕ್ಕ ರಾತ್ರಿಗಳ ಮೇಲೆಯೇ ಬೀಳುವುದರಿಂದ, ಅಲಭ್ಯತೆಯೇ ಈ ವ್ಯವಹಾರದ ಅತಿ ದೊಡ್ಡ ಗುಪ್ತ ವೆಚ್ಚವಾಗಿದೆ. ರಸೀದಿಯಲ್ಲಿ ಕಾಣಿಸದ ಕಾರಣ ಅದನ್ನು ಕೂಡಿಸುವವರು ವಿರಳ.

ಟೈಮ್‌ಶೇರ್ ಎಂದರೆ ಒಂದು ವಿಹಾರಧಾಮದ ವಸತಿಯನ್ನು ವರ್ಷದಲ್ಲಿ ಇಂತಿಷ್ಟು ದಿನ, ವಾಡಿಕೆಯಂತೆ ಒಂದು ವಾರ, ಹಲವು ವರ್ಷಗಳ ಕಾಲ ಬಳಸುವ ಹಕ್ಕನ್ನು ಮುಂಚಿತವಾಗಿಯೇ ಕೊಂಡುಕೊಳ್ಳುವ ವ್ಯವಸ್ಥೆ. 1963ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಹಾಪಿಮಾಗ್ ಸಂಸ್ಥೆ ಇದರ ಮೊದಲ ರೂಪಗಳಲ್ಲಿ ಒಂದು. ಅದೇ ದಶಕದಲ್ಲಿ ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ಹಿಮಕ್ರೀಡಾ ಧಾಮವೊಂದರಲ್ಲಿಯೂ ಇಂಥದೇ ಮಾರಾಟ ಆರಂಭವಾಯಿತು. ಭಾರತದಲ್ಲಿ 1986ರಲ್ಲಿ ಸ್ಥಾಪನೆಯಾದ ಸ್ಟರ್ಲಿಂಗ್ ಮತ್ತು 1996ರಲ್ಲಿ ಆರಂಭವಾದ ಕ್ಲಬ್ ಮಹೀಂದ್ರಾ ಈ ಪದ್ಧತಿಯನ್ನು ಮಧ್ಯಮ ವರ್ಗದ ಮನೆಗಳಿಗೆ ಮುಟ್ಟಿಸಿದವು. ಅಮೆರಿಕದಲ್ಲಿ ಅನೇಕ ಟೈಮ್‌ಶೇರ್‌ಗಳು ನೋಂದಾಯಿತ ಸ್ಥಿರಾಸ್ತಿಯ ಪಾಲಾಗಿದ್ದರೆ, ಭಾರತದಲ್ಲಿ ಸಾಮಾನ್ಯವಾಗಿ ಸದಸ್ಯರ ಕೈಗೆ ಬರುವುದು 25 ವರ್ಷದಂಥ ಒಂದು ಅವಧಿಯ ಬಳಕೆಯ ಹಕ್ಕು ಮಾತ್ರ. ಬೆಂಗಳೂರಿನ ಮಾಲುಗಳಲ್ಲಿ ಅದೃಷ್ಟದ ಕೂಪನ್ ತುಂಬಿಸಿಕೊಂಡು, ಉಡುಗೊರೆಯ ನೆಪದಲ್ಲಿ ದಂಪತಿಯನ್ನು ಹೋಟೆಲಿನ ಸಭಾಂಗಣಕ್ಕೆ ಕರೆಸಿ, ಎರಡು ತಾಸು ಕೂರಿಸಿ ಮಾಡುವ ವಿವರಣೆಯಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗುವುದಕ್ಕಿಂತ ಮಸುಕಾಗುವುದೇ ಹೆಚ್ಚು.

ಪ್ರತಿವರ್ಷ ಅದೇ ಊರಿಗೆ ಹೋಗಲು ಬೇಸರಪಡುವವರಿಗಾಗಿ ವಿನಿಮಯ ಸಂಸ್ಥೆಗಳು ಹುಟ್ಟಿಕೊಂಡವು. ಆರ್‌ಸಿಐ ಎಂಬ ಸಂಸ್ಥೆ 1974ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿಯೂ ಇಂಟರ್‌ವಲ್ ಇಂಟರ್‌ನ್ಯಾಷನಲ್ ಎಂಬುದು 1976ರಲ್ಲಿ ಮಯಾಮಿಯಲ್ಲಿಯೂ ಆರಂಭವಾದವು, ಇಂದಿಗೂ ಜಗತ್ತಿನ ವಿನಿಮಯ ವ್ಯವಹಾರದ ಹೆಚ್ಚಿನ ಪಾಲು ಈ ಎರಡರ ಮೂಲಕವೇ ನಡೆಯುತ್ತದೆ. ಸದಸ್ಯರು ತಮ್ಮ ವಾರವನ್ನು ಸಂಸ್ಥೆಯ ವಶಕ್ಕೆ ಒಪ್ಪಿಸುತ್ತಾರೆ, ಇದಕ್ಕೆ ಠೇವಣಿಯೆಂದು ಹೆಸರು. ಬಳಿಕ ಇತರರು ಠೇವಣಿಯಿಟ್ಟ ವಾರಗಳ ಕಣಜದಿಂದ ತಮಗೆ ಬೇಕಾದುದನ್ನು ಕೇಳುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಒಬ್ಬರ ಗದ್ದೆಯ ನಾಟಿಗೆ ಹೋದವರು ತಮ್ಮ ನಾಟಿಯ ದಿನ ಅವರಿಂದ ಆಳನ್ನು ಮರಳಿ ಪಡೆಯುತ್ತಾರೆ. ಆದರೆ ಮುಯ್ಯಿಯಲ್ಲಿ ಯಾರು ಯಾರಿಗೆ ಎಷ್ಟು ಆಳು ಬಾಕಿಯೆಂಬುದು ಇಡೀ ಊರಿಗೆ ಗೊತ್ತಿರುತ್ತದೆ, ನಾಟಿಯ ಹದ ಮೀರುವುದರೊಳಗೆ ಅದು ತೀರಲೂ ಬೇಕು. ರಜಾ ವಿನಿಮಯದಲ್ಲಿ ಕೊಟ್ಟವರಿಗೆ ಪಡೆದವರು ಕಾಣಿಸುವುದಿಲ್ಲ, ಬಾಕಿ ತೀರುವುದಕ್ಕೆ ಗಡುವಿದ್ದರೂ ಅದು ಸದಸ್ಯರ ಮೇಲಿನ ಗಡುವೇ ಹೊರತು ಸಂಸ್ಥೆಯ ಮೇಲಿನದಲ್ಲ: ನಿಗದಿತ ಅವಧಿಯೊಳಗೆ, ಸಾಮಾನ್ಯವಾಗಿ ಎರಡು ವರ್ಷದೊಳಗೆ, ಬಳಸದ ಠೇವಣಿ ರದ್ದಾಗುತ್ತದೆ, ಇಲ್ಲವೇ ಅದನ್ನು ಉಳಿಸಿಕೊಳ್ಳಲು ಮತ್ತೆ ಹಣ ಕಟ್ಟಬೇಕಾಗುತ್ತದೆ.

ಕಣಜದಿಂದ ಯಾರಿಗೆ ಏನು ಕಾಣಿಸಬೇಕೆಂಬುದನ್ನು ನಿರ್ಧರಿಸುವ ಅಳತೆಗೆ ವಿನಿಮಯ ಶಕ್ತಿ ಎನ್ನುತ್ತಾರೆ. ಠೇವಣಿಯಿಟ್ಟ ವಾರಕ್ಕೆ ಎಷ್ಟು ಬೇಡಿಕೆಯಿದೆ, ಆ ಪ್ರದೇಶದಲ್ಲಿ ಎಷ್ಟು ವಸತಿಗಳು ಸುಮ್ಮನೆ ಬಿದ್ದಿವೆ, ವಸತಿ ಎಷ್ಟು ದೊಡ್ಡದು, ಹಿಂದಿನ ಅತಿಥಿಗಳು ಆ ಧಾಮಕ್ಕೆ ಎಂಥ ಅಂಕ ಕೊಟ್ಟಿದ್ದಾರೆ, ವಾರವನ್ನು ಎಷ್ಟು ಮುಂಚೆ ಒಪ್ಪಿಸಲಾಗಿದೆ ಎಂಬಿವೆಲ್ಲ ಸೇರಿ ಆ ಶಕ್ತಿಯಾಗುತ್ತದೆ. ಆರ್‌ಸಿಐಯ ವಾರ ಪದ್ಧತಿಯಲ್ಲಿ ಒಂಬತ್ತು ತಿಂಗಳು ಮೊದಲೇ ಒಪ್ಪಿಸಿದ ವಾರಕ್ಕೆ ಪೂರ್ಣ ಬೆಲೆಯಿದ್ದು ಅನಂತರ ಅದು ಇಳಿಯುತ್ತ ಹೋಗುತ್ತದೆ. ಹೀಗಾಗಿ ಕೊನೆಯವರೆಗೂ ರಜೆ ಮಂಜೂರಾಗುವುದನ್ನು ಕಾದು, ಆಗದೆ ಹೋದಾಗ ವಾರವನ್ನು ಠೇವಣಿಗೆ ಹಾಕುವ ನೌಕರವರ್ಗದ ಕುಟುಂಬಕ್ಕೆ ತನ್ನ ವಾರದ ಬೆಲೆಯ ಒಂದಷ್ಟು ಪಾಲು ಮೊದಲೇ ಸೋರಿಹೋಗಿರುತ್ತದೆ. ಬಹುಕಾಲ ಈ ಶಕ್ತಿಯ ಅಂಕಿಯನ್ನು ಸದಸ್ಯರಿಗೆ ತೋರಿಸುವ ರೂಢಿಯೇ ಇರಲಿಲ್ಲ, ತಮ್ಮ ವಾರ ಎಷ್ಟು ಬಾಳುತ್ತದೆಂಬುದನ್ನು ತಿಳಿಯದೆಯೇ ಅವರು ವ್ಯಾಪಾರಕ್ಕೆ ಇಳಿಯುತ್ತಿದ್ದರು; 2010ರ ಕೊನೆಯ ಹೊತ್ತಿಗೆ ಆರ್‌ಸಿಐ ಅದನ್ನು ಅಂಕಿಯಾಗಿ ಪ್ರಕಟಿಸಲಾರಂಭಿಸಿತು.

ಬಣ್ಣಗಳ ಗೊಂದಲವೂ ಸಣ್ಣದಲ್ಲ. ಆರ್‌ಸಿಐಯ ಹಳೆಯ ವಿಂಗಡಣೆಯಲ್ಲಿ ಕೆಂಪು ಅತಿ ಬೇಡಿಕೆಯ ಕಾಲ, ಬಿಳಿ ಮಧ್ಯಮ, ನೀಲಿ ಕಡಿಮೆ ಬೇಡಿಕೆಯ ಕಾಲ. ಇಂಟರ್‌ವಲ್‌ನಲ್ಲಿ ಕೆಂಪಿನ ನಂತರ ಹಳದಿ, ಹಸಿರು ಬರುತ್ತವೆ. ಕ್ಲಬ್ ಮಹೀಂದ್ರಾದಲ್ಲಿ ಕೆಂಪಿನ ಮೇಲೆ ನೇರಳೆಯೊಂದಿದೆ. ತಾವು ಕೊಂಡದ್ದು ಕೆಂಪು ಋತುವಾದ್ದರಿಂದ ಎಲ್ಲೆಡೆಯೂ ಅಗ್ರಸ್ಥಾನವೇ ಎಂದು ಭಾವಿಸುವ ಸದಸ್ಯರು ಸ್ವಂತ ಸಂಸ್ಥೆಯಲ್ಲಿಯೇ ಎರಡನೆಯ ಸಾಲಿನಲ್ಲಿ ನಿಂತಿರಬಹುದು.

ಲಭ್ಯತೆಯ ಕೊರತೆಗೆ ಮೂಲಕಾರಣ ಒಳಸಂಚಲ್ಲ, ಶಾಲೆಯ ವೇಳಾಪಟ್ಟಿ. ಏಪ್ರಿಲ್–ಮೇ ತಿಂಗಳ ಬೇಸಿಗೆ ರಜೆ, ದಸರಾ ರಜೆ, ಡಿಸೆಂಬರಿನ ಕೊನೆಯ ವಾರ ಇವುಗಳಲ್ಲಿ ಮಕ್ಕಳಿರುವ ಎಲ್ಲ ಮನೆಗಳೂ ಒಟ್ಟಿಗೆ ಹೊರಡುತ್ತವೆ, ಅವರೆಲ್ಲರೂ ಕೇಳುವುದು ಮಡಿಕೇರಿ, ಊಟಿ, ಕೊಡೈಕೆನಾಲ್, ಮುನ್ನಾರ್, ಗೋವಾ ಎಂಬ ಬೆರಳೆಣಿಕೆಯ ಊರುಗಳನ್ನು. ಆ ವಾರಗಳನ್ನು ಹೊಂದಿರುವವರು ತಾವೇ ಬಳಸಿಕೊಳ್ಳುತ್ತಾರೆಯೇ ಹೊರತು ಠೇವಣಿಗೆ ಹಾಕುವುದಿಲ್ಲ, ಆದ್ದರಿಂದ ಬೇಡಿಕೆ ತುದಿಯಲ್ಲಿರುವ ವಾರಗಳೇ ಕಣಜಕ್ಕೆ ಅತಿ ಕಡಿಮೆ ಬೀಳುತ್ತವೆ. ಜಗತ್ತಿನಾದ್ಯಂತ ಇದೇ ಕಥೆ: ಫ್ಲಾರಿಡಾದ ಒರ್ಲಾಂಡೋದಲ್ಲಿ ಟೈಮ್‌ಶೇರ್ ಕಟ್ಟಡಗಳು ಅತಿಯಾಗಿ ಎದ್ದಿರುವುದರಿಂದ ಅಲ್ಲಿ ವರ್ಷದ ಬಹುಪಾಲು ವಾರ ಸುಲಭವಾಗಿ ದೊರೆಯುತ್ತದೆ, ಆದರೆ ಮ್ಯಾನ್‌ಹಟನ್, ಲಂಡನ್ ಅಥವಾ ಬೇಸಿಗೆಯ ಹವಾಯಿಗೆ ಕಾದವರು ಕಾದೇ ಇರುತ್ತಾರೆ. ಇದರ ಜೊತೆಗೆ ಕೆಲವು ಧಾಮಗಳು ಒಂದೇ ಸದಸ್ಯರನ್ನು ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಒಳಗೆ ಬಿಡುವ ನಿಯಮವನ್ನೂ, ಕೆಲವು ಪ್ರದೇಶಗಳು ಅದೇ ಪ್ರದೇಶದ ಮಾಲೀಕರಿಗೆ ವಿನಿಮಯವನ್ನು ತಡೆಯುವ ನಿಯಮವನ್ನೂ ಇಟ್ಟುಕೊಂಡಿರುತ್ತವೆ. ಮಳೆಗಾಲದ ಮಾತು ಬೇರೆ. ಕೊಡಗಿನವರು ಕಕ್ಕಡವೆನ್ನುವ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ತಿಂಗಳಲ್ಲಿ ಮಡಿಕೇರಿಯ ವಸತಿ ಸಿಗುವುದು ಅಷ್ಟು ಕಷ್ಟವಲ್ಲ. ನಿವೃತ್ತರೂ, ಮಕ್ಕಳು ದೊಡ್ಡವರಾದ ದಂಪತಿಗಳೂ, ಮಳೆಯನ್ನು ಕಿಟಕಿಯಿಂದ ನೋಡುತ್ತ ಕೂರಬಲ್ಲವರೂ ಈ ವ್ಯವಸ್ಥೆಯಲ್ಲಿ ನಿಜವಾಗಿ ಲಾಭ ಪಡೆಯಬಲ್ಲ ಗುಂಪು ಎಂಬುದನ್ನು ಒಪ್ಪಿಕೊಳ್ಳಬೇಕು.

ಕಣಜ ಬರಿದಾಗುವುದಕ್ಕೆ ಇನ್ನೊಂದು ಬಾಗಿಲೂ ಇದೆ. ವಿನಿಮಯ ಸಂಸ್ಥೆಗಳು ವಾರಗಳನ್ನು ಸದಸ್ಯರಿಗೆ ಬದಲಾಯಿಸಿಕೊಡುವುದರ ಜೊತೆಗೆ ಅವುಗಳಲ್ಲಿ ಕೆಲವನ್ನು ನೇರವಾಗಿ ಬಾಡಿಗೆಗೂ ಕೊಡುತ್ತವೆ. ಸದಸ್ಯರೊಬ್ಬರು ತಮ್ಮ ಠೇವಣಿಯನ್ನು ಹಡಗಿನ ಪ್ರವಾಸದ ರಿಯಾಯಿತಿಗೋ ವಿಮಾನದ ಟಿಕೆಟ್ಟಿಗೋ ಬಳಸಿಕೊಂಡರೆ ಸಂಸ್ಥೆಯ ಬಳಿ ಉಳಿದ ವಾರವನ್ನು ಅದು ಮಾರಿ ಹಣ ಮಾಡಿಕೊಳ್ಳಲೇಬೇಕಾದ್ದರಿಂದ ಇದಕ್ಕೆ ಒಂದು ಸಮರ್ಥನೆಯಿದೆ. ಆದರೆ ಯಾವ ವಾರ ಬಾಡಿಗೆಗೆ ಹೋಯಿತು, ಯಾವುದು ಸದಸ್ಯರಿಗೆ ಉಳಿಯಿತೆಂಬುದು ಹೊರಗಿನವರಿಗೆ ಕಾಣದು. 2006ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯದಲ್ಲಿ ಆರ್‌ಸಿಐ ವಿರುದ್ಧ ಸದಸ್ಯರು ಸಾಮೂಹಿಕ ದಾವೆ ಹೂಡಿ, ಬೇಡಿಕೆಯ ವಾರಗಳನ್ನು ಸಾರ್ವಜನಿಕರಿಗೆ ಬಾಡಿಗೆಗೆ ಕೊಟ್ಟದ್ದರಿಂದ ತಮಗೆ ಉಳಿದದ್ದು ಕಡಿಮೆಯೆಂದು ಆರೋಪಿಸಿದ್ದರು. ಸಂಸ್ಥೆ ಆರೋಪವನ್ನು ಒಪ್ಪಲಿಲ್ಲ, ದಾವೆ ರಾಜಿಯಲ್ಲಿ ಮುಗಿಯಿತು. ಈ ಬಾಡಿಗೆಯ ಇನ್ನೊಂದು ಮುಖ ಸದಸ್ಯರಿಗೆ ಇನ್ನಷ್ಟು ಕಸಿವಿಸಿ ತರುವಂಥದು: ಕೊನೆಗಳಿಗೆಯಲ್ಲಿ ಖಾಲಿ ಉಳಿದ ವಾರಗಳು ಎಷ್ಟೋ ಸಲ ಸದಸ್ಯರು ಕಟ್ಟುವ ವರ್ಷದ ಶುಲ್ಕ ಮತ್ತು ವಿನಿಮಯ ಶುಲ್ಕಗಳ ಮೊತ್ತಕ್ಕಿಂತ ಕಡಿಮೆ ಬಾಡಿಗೆಗೆ ದೊರೆಯುತ್ತವೆ.

ಇನ್ನು ಕಣ್ಣಿಗೆ ಕಾಣುವ ಖರ್ಚುಗಳು. ವರ್ಷದ ನಿರ್ವಹಣಾ ಶುಲ್ಕ, ವಿನಿಮಯ ಸಂಸ್ಥೆಯ ಸದಸ್ಯತ್ವದ ನವೀಕರಣ, ಪ್ರತಿ ವಿನಿಮಯಕ್ಕೂ ಪ್ರತ್ಯೇಕ ಶುಲ್ಕ, ಇವುಗಳ ಮೇಲಿನ ಜಿಎಸ್‌ಟಿ ಎಂಬಿಷ್ಟು ಬಹುತೇಕರಿಗೆ ತಿಳಿದಿರುತ್ತವೆ. ಒಂದು ಠೇವಣಿಯ ಶಕ್ತಿ ಸಾಲದಾದಾಗ ಎರಡನ್ನು ಜೋಡಿಸುವುದಕ್ಕೆ ಶುಲ್ಕ, ಅವಧಿ ವಿಸ್ತರಿಸುವುದಕ್ಕೆ ಶುಲ್ಕ, ರದ್ದು ಮಾಡಿದರೆ ಕಡಿತ, ಆ ಕಡಿತದಿಂದ ಪಾರಾಗಲು ಮೊದಲೇ ಕೊಳ್ಳುವ ರಕ್ಷಣೆಗೆ ಶುಲ್ಕ ಎಂಬುವು ಆಮೇಲೆ ಗೊತ್ತಾಗುತ್ತವೆ. ಸದಸ್ಯರು ತಾವು ಹೋಗದೆ ಬೇರೊಬ್ಬರನ್ನು ಕಳಿಸಿದರೆ ಅತಿಥಿ ಪ್ರಮಾಣಪತ್ರವನ್ನು ಹಣ ಕೊಟ್ಟು ಪಡೆಯಬೇಕು. ಅಮೆರಿಕದಲ್ಲಿ ನೆಲೆಸಿ ಅಲ್ಲಿ ಟೈಮ್‌ಶೇರ್ ಕೊಂಡ ಕನ್ನಡಿಗರು, ಊರಿನಿಂದ ಬಂದ ತಂದೆತಾಯಿಯನ್ನು ತಾವು ಕೆಲಸಕ್ಕೆ ಹೋಗುವ ವಾರದಲ್ಲಿ ಒಂದು ಧಾಮಕ್ಕೆ ಕಳಿಸಲು ಹೊರಟಾಗ ಈ ಪ್ರಮಾಣಪತ್ರದ ಪರಿಚಯ ಸಾಮಾನ್ಯವಾಗಿ ಆಗುತ್ತದೆ.

ಧಾಮದ ಬಾಗಿಲಿಗೆ ಬಂದ ಮೇಲಿನ ಖರ್ಚು ಇನ್ನೂ ವಿಚಿತ್ರ. ಮೆಕ್ಸಿಕೋ ಮತ್ತು ಕೆರಿಬಿಯನ್ ದ್ವೀಪಗಳ ಅನೇಕ ಧಾಮಗಳಲ್ಲಿ ಊಟ, ಪಾನೀಯ ಎಲ್ಲವೂ ಸೇರಿದ ಶುಲ್ಕವನ್ನು ತಲೆಗಿಷ್ಟೆಂದು ಕಡ್ಡಾಯವಾಗಿ ವಸೂಲು ಮಾಡುವುದರಿಂದ, ವಿನಿಮಯದಲ್ಲಿ ಪಡೆದ ವಸತಿ ಹೆಸರಿಗಷ್ಟೇ ಪುಕ್ಕಟೆಯಾಗುತ್ತದೆ. ಮದ್ಯ, ಮಾಂಸ ಮುಟ್ಟದ ಕುಟುಂಬವೂ ಅಲ್ಲಿ ಅದೇ ದರ ತೆರುತ್ತದೆ. ಹವಾಯಿ ರಾಜ್ಯ ತಂಗುದಾರರ ಮೇಲೆ ವಿಧಿಸುವ ತೆರಿಗೆ ಟೈಮ್‌ಶೇರ್‌ನಲ್ಲಿ ತಂಗುವವರಿಗೂ ಅನ್ವಯಿಸುತ್ತದೆ. ಕೆಲವೆಡೆ ವಿದ್ಯುತ್ತು, ಹೀಟರು, ವಾಹನ ನಿಲುಗಡೆ, ವಾರದ ನಡುವಿನ ಸ್ವಚ್ಛತೆ ಎಲ್ಲಕ್ಕೂ ಬೇರೆ ಬಿಲ್ಲು. ವಸತಿಯ ವಿವರದಲ್ಲಿ ಆರು ಮಂದಿ ಮಲಗಬಹುದೆಂದು ಬರೆದಿದ್ದರೂ ಪಕ್ಕದಲ್ಲಿಯೇ ಏಕಾಂತದಲ್ಲಿ ನಾಲ್ವರು ಎಂಬ ಸಣ್ಣ ಅಂಕಿಯಿರುತ್ತದೆ, ಉಳಿದಿಬ್ಬರ ಹಾಸಿಗೆಯೆಂದರೆ ನಡುಮನೆಯ ಸೋಫಾ. ಅಜ್ಜಅಜ್ಜಿಯರನ್ನು ಕರೆದುಕೊಂಡು ಹೋಗುವ ಮನೆಗಳಿಗೆ ಇದು ಮತ್ತೊಂದು ಕೋಣೆಯ ಬಾಡಿಗೆಯಾಗಿ ಪರಿಣಮಿಸುವುದುಂಟು. ವಾರದ ವಿನಿಮಯ ನಿಗದಿಯಾದ ದಿನದಿಂದಲೇ, ಅನೇಕ ಕಡೆ ಶನಿವಾರದಿಂದ, ಆರಂಭವಾಗುವುದರಿಂದ ವಿಮಾನದ ದುಬಾರಿ ದಿನವನ್ನು ತಪ್ಪಿಸುವ ಸ್ವಾತಂತ್ರ್ಯವೂ ಉಳಿಯುವುದಿಲ್ಲ.

ಇವೆಲ್ಲವನ್ನೂ ಒಂದು ಲೆಕ್ಕಕ್ಕೆ ತರುವುದು ಅಗತ್ಯ. ಕೆಳಗಿನ ಅಂಕಿಗಳು ಯಾವುದೇ ಸಂಸ್ಥೆಯವಲ್ಲ, ಲೆಕ್ಕದ ಅನುಕೂಲಕ್ಕೆ ಊಹಿಸಿಕೊಂಡವು. 25 ವರ್ಷದ ಸದಸ್ಯತ್ವಕ್ಕೆ 5 ಲಕ್ಷ ರೂಪಾಯಿ, ತೆರಿಗೆ ಸೇರಿ ವರ್ಷದ ಶುಲ್ಕ 25,000, ಒಂದು ವಿನಿಮಯಕ್ಕೆ ಒಟ್ಟು 15,000 ಎಂದಿಟ್ಟುಕೊಂಡರೆ, ಸದಸ್ಯತ್ವದ ಹಣವನ್ನು ಸರಳವಾಗಿ ವರ್ಷಗಳಿಗೆ ಹಂಚಿದಾಗ ವರ್ಷಕ್ಕೆ 20,000 ಬೀಳುತ್ತದೆ, ಸ್ವಂತ ಧಾಮದಲ್ಲಿಯೇ ಏಳು ರಾತ್ರಿ ಕಳೆದರೆ ರಾತ್ರಿಗೆ ಸುಮಾರು 6,430 ರೂಪಾಯಿಯಾಗುತ್ತದೆ. ವಿನಿಮಯ ಮಾಡಿದರೆ ಅದು 8,570ಕ್ಕೆ ಏರುತ್ತದೆ. ಮೂರು ವರ್ಷಗಳಲ್ಲಿ ಎರಡು ವರ್ಷ ಮಾತ್ರ ವಿನಿಮಯ ದೊರೆತು ಒಂದು ವರ್ಷದ ಠೇವಣಿ ಹಾಗೆಯೇ ಸತ್ತುಹೋದರೆ ರಾತ್ರಿಯ ಬೆಲೆ 11,790ರ ಸಮೀಪಕ್ಕೆ ಬರುತ್ತದೆ. ಅಂದರೆ ವಿನಿಮಯ ಶುಲ್ಕದಿಂದ ಆದ ಏರಿಕೆಗಿಂತ ಸಿಗದ ಒಂದು ವಾರದಿಂದ ಆದ ಏರಿಕೆಯೇ ದೊಡ್ಡದು. ಅದೇ 5 ಲಕ್ಷವನ್ನು ಶೇಕಡ 7ರ ಬಡ್ಡಿಗೆ ಇಟ್ಟಿದ್ದರೆ 25 ವರ್ಷ ಪ್ರತಿವರ್ಷ ಸುಮಾರು 42,900 ರೂಪಾಯಿ ತೆಗೆದುಕೊಳ್ಳಬಹುದಿತ್ತೆಂಬುದನ್ನು ಸೇರಿಸಿದಾಗ ಆ ರಾತ್ರಿ 16,690 ರೂಪಾಯಿಯದಾಗುತ್ತದೆ. ವರ್ಷದ ಶುಲ್ಕ ಶೇಕಡ 5ರಂತೆ ಏರುತ್ತ ಹೋದರೆ ಇಂದಿನ 25,000 ಹದಿನೈದನೆಯ ವರ್ಷಕ್ಕೆ 50,000ದ ಹತ್ತಿರಕ್ಕೂ ಕೊನೆಯ ವರ್ಷಕ್ಕೆ 80,000ದ ಆಚೆಗೂ ಹೋಗುತ್ತದೆಂಬುದು ಇದರಲ್ಲಿ ಇನ್ನೂ ಸೇರಿಲ್ಲ. ತಮ್ಮ ರಸೀದಿಗಳ ಅಂಕಿಯನ್ನು ಇದೇ ಅಚ್ಚಿನಲ್ಲಿ ಹಾಕಿ ನೋಡುವುದಕ್ಕೆ ಸದಸ್ಯರಿಗೆ ಅರ್ಧ ತಾಸು ಸಾಕು.

ಹಣವನ್ನು ವರ್ಷಗಳಿಗೆ ಹಂಚುವ ಈ ಕ್ರಮ ಮಾರುವವರಿಗೆ ಅಪರಿಚಿತವೇನಲ್ಲ. ಕ್ಲಬ್ ಮಹೀಂದ್ರಾವನ್ನು ನಡೆಸುವ ಮಹೀಂದ್ರಾ ಹಾಲಿಡೇಸ್ ಪ್ರಕರಣದಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ಚೆನ್ನೈ ವಿಶೇಷ ಪೀಠ 2010ರಲ್ಲಿ, ಮುಂದಿನ ವರ್ಷಗಳಲ್ಲಿ ಸೌಲಭ್ಯ ಒದಗಿಸುವ ಬಾಧ್ಯತೆ ಇರುವುದರಿಂದ ಸದಸ್ಯತ್ವ ಶುಲ್ಕದ ಇಡೀ ಮೊತ್ತ ಮೊದಲ ವರ್ಷದ ಆದಾಯವಲ್ಲವೆಂಬ ವಾದವನ್ನು ಎತ್ತಿಹಿಡಿಯಿತು. ಹಣ ಇಂದು ಕೈಸೇರಿದರೂ ಅದರ ಎದುರಿನ ಕರ್ತವ್ಯ ದಶಕಗಳ ಉದ್ದಕ್ಕೂ ಹರಡಿದೆಯೆಂದು ಮಾರುವವರೇ ತೆರಿಗೆ ಇಲಾಖೆಯ ಮುಂದೆ ಒಪ್ಪಿಕೊಂಡ ಮೇಲೆ, ಆ ಕರ್ತವ್ಯ ಪ್ರತಿವರ್ಷ ಎಷ್ಟರಮಟ್ಟಿಗೆ ನೆರವೇರಿತೆಂಬ ಪ್ರಶ್ನೆಯನ್ನು ಸದಸ್ಯರು ಕೇಳುವುದರಲ್ಲಿ ಉದ್ಧಟತನವೇನೂ ಇಲ್ಲ.

ಹೀಗೆ ಕೇಳುವುದಕ್ಕೆ ಬೇರೆ ದೇಶಗಳ ಕಾನೂನಿನಲ್ಲಿ ಸಿದ್ಧ ಮಾದರಿಗಳಿವೆ. ಫ್ಲಾರಿಡಾ ರಾಜ್ಯದ ಟೈಮ್‌ಶೇರ್ ಕಾನೂನು, ವಿನಿಮಯ ಸಂಸ್ಥೆ ಪ್ರತಿವರ್ಷ ಬಂದ ಕೋರಿಕೆಗಳಲ್ಲಿ ಎಷ್ಟು ಪ್ರತಿಶತ ಈಡೇರಿದವೆಂಬುದನ್ನು ಲೆಕ್ಕಪರಿಶೋಧಕರಿಂದ ದೃಢಪಡಿಸಿ ಪ್ರಕಟಿಸಬೇಕೆನ್ನುತ್ತದೆ. ಆ ಪ್ರಮಾಣ ಯಾವುದೇ ನಿರ್ದಿಷ್ಟ ಊರು ಸಿಗುವ ಸಂಭವವನ್ನು ಸೂಚಿಸುವುದಿಲ್ಲವೆಂಬ ಎಚ್ಚರಿಕೆಯನ್ನೂ ಜೊತೆಯಲ್ಲಿಯೇ ಮುದ್ರಿಸಬೇಕು. ಎಚ್ಚರಿಕೆ ನ್ಯಾಯವಾದುದೇ, ಏಕೆಂದರೆ ಹವಾಯಿಯನ್ನು ಬಯಸಿ ಕೊನೆಗೆ ಒರ್ಲಾಂಡೋಗೆ ಒಪ್ಪಿಕೊಂಡ ಕುಟುಂಬವೂ ಒಟ್ಟು ಅಂಕಿಯಲ್ಲಿ ಸಂತುಷ್ಟರ ಸಾಲಿಗೇ ಸೇರುತ್ತದೆ. ಯೂರೋಪಿನ ಒಕ್ಕೂಟದ 2008ರ ನಿರ್ದೇಶನ ವಿನಿಮಯದ ಒಪ್ಪಂದವನ್ನೂ ತನ್ನ ವ್ಯಾಪ್ತಿಗೆ ತಂದು, ಸಹಿ ಹಾಕಿದವರಿಗೆ 14 ದಿನಗಳೊಳಗೆ ಕಾರಣ ಕೊಡದೆ ಹಿಂದೆ ಸರಿಯುವ ಹಕ್ಕು ಕೊಟ್ಟಿದೆ, ಆ ಅವಧಿಯಲ್ಲಿ ಮುಂಗಡ ಪಡೆಯುವುದನ್ನು ನಿಷೇಧಿಸಿದೆ. ಎಷ್ಟು ಧಾಮಗಳಿವೆ, ಎಷ್ಟು ಸದಸ್ಯರಿದ್ದಾರೆ, ಬೇಡಿಕೆಯ ಕಾಲದಲ್ಲಿ ಎಂಥ ಮಿತಿಗಳಿವೆ ಎಂಬುದನ್ನು ಮೊದಲೇ ನಮೂನೆಯಲ್ಲಿ ತಿಳಿಸಬೇಕೆಂದು ವಿಧಿಸಿದೆ. ಭಾರತದಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕವಾದ ಕೇಂದ್ರ ಕಾನೂನು ಇಲ್ಲ. ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರಡಿ ಸದಸ್ಯರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು, ಪಾವತಿಸಿದ ಮೊತ್ತ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ಗ್ರಾಹಕರ ಹಕ್ಕನ್ನು ಗಣನೀಯವಾಗಿ ಬದಲಿಸುವ ಏಕಪಕ್ಷೀಯ ಕರಾರುಗಳನ್ನು ಅನ್ಯಾಯದ ಒಪ್ಪಂದವೆಂದು ರಾಜ್ಯ ಆಯೋಗದ ಮುಂದೆ ಪ್ರಶ್ನಿಸಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ, ಆನ್‌ಲೈನ್ ವ್ಯವಹಾರದಲ್ಲಿ ಬೆಲೆಯನ್ನು ಒಟ್ಟಾಗಿ ಹೇಳದೆ ಹನಿಹನಿಯಾಗಿ ಹೊರಗೆಡಹುವುದನ್ನು ಹದಿಮೂರು ವಂಚಕ ವಿನ್ಯಾಸಗಳಲ್ಲಿ ಒಂದೆಂದು ಹೆಸರಿಸಿದೆ.

ಆದ್ದರಿಂದ ಸದಸ್ಯ ಕುಟುಂಬಗಳ ಮುಂದೆ ಇಡುವ ಕೋರಿಕೆ ಇಷ್ಟು. ಒಬ್ಬೊಬ್ಬರಾಗಿ ಕರೆ ಕೇಂದ್ರಕ್ಕೆ ಫೋನು ಮಾಡಿ ಸಿಡಿಮಿಡಿಗೊಳ್ಳುವುದನ್ನು ಬಿಟ್ಟು, ಒಂದೇ ಧಾಮದ ಅಥವಾ ಒಂದೇ ಬಡಾವಣೆಯ ಸದಸ್ಯರು ಸೇರಿ, ತಮ್ಮ ಸಂಸ್ಥೆಗೂ ಅದು ಜೋಡಿಸಿಕೊಂಡಿರುವ ವಿನಿಮಯ ಸಂಸ್ಥೆಗೂ ಸದಸ್ಯತ್ವದ ಸಂಖ್ಯೆ ಸಹಿತ ಇಮೇಲಿನಲ್ಲಿ ಒಂದೇ ಪತ್ರ ಕಳಿಸುವುದು ಉಚಿತ. ಕಳೆದ ಮೂರು ವರ್ಷಗಳಲ್ಲಿ ಭಾರತದ ಸದಸ್ಯರು ಠೇವಣಿಯಿಟ್ಟ ವಾರಗಳೆಷ್ಟು, ಅವುಗಳಲ್ಲಿ ವಿನಿಮಯವಾದವು ಎಷ್ಟು, ಬಾಡಿಗೆಗೆ ಹೋದವು ಎಷ್ಟು, ಬಳಕೆಯಾಗದೆ ರದ್ದಾದವು ಎಷ್ಟು ಎಂಬುದನ್ನು ಊರು ಮತ್ತು ಋತುವಿನ ಪ್ರಕಾರ ಬಿಡಿಸಿ ಕೇಳಬೇಕು, ಒಟ್ಟು ಅಂಕಿಯೊಂದನ್ನು ಉತ್ತರವೆಂದು ಒಪ್ಪಿಕೊಳ್ಳಬಾರದು. ಧಾಮದಲ್ಲಿ ಕಟ್ಟಬೇಕಾದ ಕಡ್ಡಾಯ ಶುಲ್ಕಗಳನ್ನು ವಿನಿಮಯ ದೃಢಪಡಿಸುವ ಮೊದಲೇ ಮೊತ್ತವಾಗಿ ತೋರಿಸಬೇಕೆಂದೂ ಕೇಳಬೇಕು. ಉತ್ತರ ಬಂದರೆ ಮುಂದಿನ ಠೇವಣಿಯ ನಿರ್ಧಾರಕ್ಕೆ ಆಧಾರವಾಗುತ್ತದೆ. ಬಾರದಿದ್ದರೆ ಕೇಳಿದ ಪತ್ರವೇ ಆಯೋಗದ ಮುಂದೆ ದಾಖಲೆಯಾಗುತ್ತದೆ, ಮಾರಾಟದ ಸಭಾಂಗಣದಲ್ಲಿ ಬಾಯಿಮಾತಿನಲ್ಲಿ ಕೊಟ್ಟ ಭರವಸೆಗೆ ಆ ಬಲವಿಲ್ಲ. ಠೇವಣಿಗೆ ಪೂರ್ಣ ಬೆಲೆ ಸಿಗುವ ಒಂಬತ್ತು ತಿಂಗಳ ಗಡುವನ್ನು ಮುಂದಿನ ಮೇ ತಿಂಗಳ ವಾರದಿಂದ ಹಿಂದಕ್ಕೆ ಎಣಿಸಿದರೆ ಆಗಸ್ಟ್ ಬರುತ್ತದೆ. ಹೀಗಾಗಿ ಪತ್ರ ಶ್ರಾವಣಕ್ಕೆ ಮೊದಲೇ ಹೊರಡಬೇಕು. ಉತ್ತರ ಕೈಸೇರುವವರೆಗೆ ಬೇಸಿಗೆಯ ವಾರವನ್ನು ಠೇವಣಿಗೆ ಹಾಕದೆ, ಸ್ವಂತ ಧಾಮದಲ್ಲಿಯೇ ಅದನ್ನು ಕಾಯ್ದಿರಿಸಿಕೊಳ್ಳುವುದು ಲೇಸು.

ಇಂತಿ,
ಪತ್ರಲೇಖಕ